ರಾಜಕುಮಾರ ಹಡಗಿನಿಂದ ಇಳಿದ ದಿನ

"ನಿಮ್ಮ ರಾಜಕುಮಾರ ಎಂಟು ತಿಂಗಳಿಂದ ಹಡಗಲ್ಲೇ ನಿಂತವ್ನಲ್ರೀ... ಮುಂದಿನ ಕಂತು ಯಾವಾಗ?"

ಹೆಣ್ಣು ನೋಡಲು ಬಂದವನ ಬಾಯಲ್ಲಿ, ಮೆಲ್ಲಗೆ, ಈ ಮಾತು! ಕೇಸರಿಬಾತ್ ತಟ್ಟೆ ಹಿಡಿದಿದ್ದ ದೀಪಶ್ರೀಯ ಕೈ ಅಲ್ಲೇ ನಿಂತಿತು.

ಅವಳು ಕೊಳ್ಳೇಗಾಲದ ಕಾಲೇಜಿನಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕಿ. ಕಥೆ ಆ್ಯಪಿನಲ್ಲಿ ಧಾರಾವಾಹಿ ಬರೆಯುವುದು ಕುಂತೂರಿನ ಈ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಒಂಬೈನೂರು ವರ್ಷದ ಹಿಂದಿನ ಇಂಗ್ಲೆಂಡಿನ ಕಥೆ. ಪಟ್ಟವೇರಬೇಕಿದ್ದ ರಾಜಕುಮಾರ ವಿಲಿಯಂ ಹಡಗು ಮುಳುಗಿ ಸತ್ತ. ರಾಜ್ಯ ಅಕ್ಕ ಮಟಿಲ್ಡಾಳ ತಲೆಗೆ ಬಂತು. ಗಡಿ ಭದ್ರವಾಗಲೆಂದು ಅಪ್ಪ ಅವಳನ್ನು ಅವಳಿಗಿಂತ ಚಿಕ್ಕವನಾದ ಜೆಫ್ರಿಗೆ ಕಟ್ಟಿದ. ಇತಿಹಾಸ ಇಷ್ಟೇ. ತನ್ನ ಕಥೆಯಲ್ಲಾದರೂ ವಿಲಿಯಂನನ್ನು ಉಳಿಸಬೇಕೆಂದು ದೀಪಶ್ರೀ ಹೊರಟಿದ್ದಳು. ಆದರೆ ಅವನು ಹಡಗು ಹತ್ತಿದ ಕಂತಿನಿಂದಾಚೆ ಕೈ ಓಡಲಿಲ್ಲ.

ಅವಳ ತಮ್ಮನೂ ಎರಡು ವರ್ಷದ ಹಿಂದೆ ಪಾಲಾರ್ ಬಳಿ ಹೊಳೆಯಲ್ಲಿ ತೆಪ್ಪ ಮಗುಚಿ ತೀರಿಹೋಗಿದ್ದ. ಅಂದಿನಿಂದ ಅಪ್ಪ ಪುಟ್ಟಮಾದಪ್ಪನವರ ಕಬ್ಬಿನ ಹೊಲಕ್ಕೆ ಅವಳೊಬ್ಬಳೇ ವಾರಸುದಾರಳು. ಪಕ್ಕದ ಹೊಲ ಕೊಂಡಿದ್ದ ಯಳಂದೂರಿನವರ ಮಗ ಪರಮೇಶ, ನೋಡಲು ಬಂದ ಐದನೆಯ ಗಂಡು. ಅವಳಿಗಿಂತ ಎರಡು ವರ್ಷ ಚಿಕ್ಕವನು ಬೇರೆ. ಅವಳಿಗೆ ಬೇಡ ಅನ್ನುವುದಕ್ಕೂ ಸುಸ್ತಾಗಿತ್ತು.

"ಇಬ್ರೂ ಮಾತಾಡ್ಕಳಿ," ಎಂದು ಅಪ್ಪ ಹಿತ್ತಲಿಗೆ ಕಳಿಸಿದರು.

"ಬಂದ ತಕ್ಷಣ ಹೊಲಕ್ಕೆ ಹೋದ್ರಲ್ಲ, ಕಿಟಕೀಲಿ ನೋಡ್ದೆ," ಎಂದಳು. "ಜಮೀನು ಒಪ್ಪಿಗೆ ಆಯ್ತಾ?"

"ನಮ್ಮಪ್ಪ ಬಂದಿರೋದು ಜಮೀನಿಗೇ ಕಣ್ರಿ. ಸುಳ್ಳು ಯೋಳಾಕಿಲ್ಲ. ನಾನು ಓಗಿದ್ದು ನಿಮ್ ತಮ್ಮನ ಸಮಾಧಿ ತಾವಕ್ಕೆ. ಸೋಗೆ ಮುಚ್ಕಂಡಿತ್ತು... ಸರಿಸ್ಬುಟ್ಟು ಬಂದೆ."

ಅವನ ಅಂಗೈ ತುಂಬ ಕಬ್ಬಿನ ಸೋಗೆ ಕೊಯ್ದ ಕೆಂಪು ಗೆರೆಗಳು.

ಅಯ್ಯೋ... ತಾನೇ ಅಲ್ಲಿಗೆ ಹೋಗಿ ಎಷ್ಟು ತಿಂಗಳಾಯಿತು?

"ಕಥೆ ಬರೆಯೋದು ನಾನೇ ಅಂತ ನಿಮಗೆ ಹೇಗೆ ಗೊತ್ತು?"

"ಮೊದಲ್ನೇ ಕಂತಲ್ಲಿ 'ಪಾಲಾರಿನಿಂದ ಬಾರದ ತಮ್ಮನಿಗೆ' ಅಂತ ಬರ್ದಿದ್ರಲ್ಲ. ಪಕ್ಕದ್ ಒಲದೋರ ಮಗಳೇ ಅಂತ ಗೊತ್ತಾಯ್ತು. ಅವತ್ತಿಂದ ಓದ್ತಿವ್ನಿ." ಅವನು ತಲೆ ತಗ್ಗಿಸಿದ. "ಆ ರಾಜಕುಮಾರನ್ನ ಹಡಗಿಂದ ಇಳಿಸ್ಬುಡಿ."

"ಇಳಿಸಿದ್ರೆ ಮಟಿಲ್ಡಾಗೆ ರಾಜ್ಯ ಇಲ್ಲ. ಜೆಫ್ರಿಗೆ ಕಥೇಲಿ ಜಾಗಾನೇ ಇರಲ್ಲ."

"ಗೊತ್ತು. ನಿಮ್ ತಮ್ಮ ಇದ್ದಿದ್ರೆ ನಮ್ಮಪ್ಪ ನನ್ನ ಈ ಮನೆಗೆ ಕರ್ಕಂಡು ಬರ್ತಿರ್ಲಿಲ್ಲ. ಆದ್ರೂ ಇಳಿಸಿ. ನೀವು ಬಾಳಾ ಸೋತೋಗಿದ್ದೀರಿ."

ಎರಡು ವರ್ಷದಲ್ಲಿ ಅವಳ ಸುಸ್ತನ್ನು ಯಾರೂ ಕೇಳಿರಲಿಲ್ಲ. ದೀಪಶ್ರೀ ಕಲ್ಲಿನ ಮೇಲೆ ಕುಳಿತು ಅತ್ತಳು. ಅವನು ಪಕ್ಕದಲ್ಲೇ ನಿಂತಿದ್ದ.

ಸಂಜೆ ಹೊಸ ಕಂತು ಬಂತು. ಹಡಗು ಹೊರಡುವ ಮುಂಚೆ ರಾಜಕುಮಾರ ಇಳಿದು, ಮನೆಗೆ ನಡೆದು ಹೋದ.

ಕೆಳಗೆ ಪರಮೇಶನ ಕಾಮೆಂಟ್: "ಇಳ್ದ... ಸದ್ಯ. ಜೆಫ್ರಿ ಕಥೆ ಮುಗೀತು ಅನ್ನಿ."

ಅವಳ ಉತ್ತರ: "ಮುಗಿದಿಲ್ಲ. ರಾಜ್ಯ ಇಲ್ಲದಿದ್ರೂ ಬಂದ್ರೆ ಮಟಿಲ್ಡಾ ಒಪ್ತಾಳೆ."

"ಬತ್ತಾನೆ."

ಅವಳು ಮತ್ತೆ ಬರೆದಳು: "ಕೈ ಹೇಗಿದೆ?"

"ಉರೀತದೆ."

"ನಾಳೆ ಬನ್ನಿ. ಅರಿಸಿನ ಹಚ್ತೀನಿ."