ಸುಮ್ಮನಿರುವ ನಿಯಮ

ಬೆಳಗಿನಿಂದ ನನ್ನ ಖುರ್ಚಿಯ ಹಿಂದೆ ಒಬ್ಬ ಗಂಡಸು ಕೂತಿದ್ದ. ಅವನು ಮಾತಾಡುವಂತಿಲ್ಲ, ಸಹಾಯ ಮಾಡುವಂತಿಲ್ಲ, ಮುಖದಲ್ಲಿ ಏನನ್ನೂ ತೋರಿಸುವಂತಿಲ್ಲ. ನಾನು ಕೆಲಸ ಮಾಡುವುದನ್ನು ನೋಡುವುದಷ್ಟೇ ಅವನ ಕೆಲಸ. ಅದಕ್ಕೆ ಕಂಪನಿ ಸಂಬಳ ಕೊಡುತ್ತಿತ್ತು.

ಅವನು ಮನೀಶ್, ಡಿಸೈನ್ ಟೀಮಿನವನು. ನಾನು ಸೌಮ್ಯಾ, ಟೆಸ್ಟಿಂಗ್. ಮುಂಬೈಯ ಬಾಂದ್ರಾದ ನಮ್ಮ ಆಫೀಸಿನಲ್ಲಿ ಹೋಟೆಲುಗಳಿಗೆ ಸಾಫ್ಟ್‌ವೇರ್ ಮಾಡುತ್ತೇವೆ. ವೇಟರ್ ತನ್ನ ಟ್ಯಾಬಿನಲ್ಲಿ ಒತ್ತಿದ ಆರ್ಡರು ಒಳಗೆ ಅಡುಗೆಯವರ ಪರದೆಯ ಮೇಲೆ ಮೂಡಬೇಕು. ಮೂಡದಿದ್ದರೆ ಯಾಕೆ ಎಂದು ಹುಡುಕುವವಳು ನಾನು. ತಪ್ಪು ಹುಡುಕುವುದನ್ನೇ ಹೊಟ್ಟೆಪಾಡು ಮಾಡಿಕೊಂಡವರಿಗೆ ಗೆಳೆಯರು ಕಡಿಮೆ.

ಆವತ್ತು ಮಸಾಲೆದೋಸೆಯ ಬಟನ್ನನ್ನು ಬೇಕೆಂದೇ ಎರಡು ಸಲ ಬೇಗಬೇಗ ಒತ್ತಿದೆ. ಪರದೆ ಕಲ್ಲಾಯಿತು. ಅಭ್ಯಾಸದಂತೆ ಹಲ್ಲಿನ ಸಂದಿಯಲ್ಲೇ ಅಂದೆ: “ಸತ್ತಿ ನೋಡು ಈಗ.”

ಹಿಂದಿನಿಂದ ನಗು ಕೇಳಿಸಿತು. ತಿರುಗಿ ನೋಡಿದರೆ ಅವನು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದ. ಕಣ್ಣುಗಳು ಮಾತ್ರ ಇನ್ನೂ ನಗುತ್ತಿದ್ದವು.

“ನಿಮ್ಮದು ಕನ್ನಡವಾ? ಇದೆಂತ ಕನ್ನಡ ಮಾರಾಯ್ರೆ? ಬೈದದ್ದಾ, ಆಶೀರ್ವಾದ ಮಾಡಿದ್ದಾ?”

“ಬಿಜಾಪುರದ್ದು. ಎರಡೂ ಒಂದ ಥರಾ ಕೇಳಸ್ತಾವು,” ಎಂದೆ.

ನಿಯಮ ಮುರಿದದ್ದಕ್ಕೆ ಅವನು ಖುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಎಳೆದುಕೊಂಡ. ಆಮೇಲೆ ಸಂಜೆಯವರೆಗೆ ಮಾತಾಡಲಿಲ್ಲ. ನನಗೆ ಮಾತ್ರ ಬೆನ್ನಿನ ನಡುವೆ ಎಲ್ಲೋ ಬೆಚ್ಚಗಾಗುತ್ತಿತ್ತು. ಎ.ಸಿ. ಕೆಟ್ಟಿರಬೇಕು ಅಂದುಕೊಂಡೆ.

ಇದನ್ನೆಲ್ಲ ಶುರು ಮಾಡಿದವರು ನಮ್ಮ ಬಾಸ್ ಅನಿಲಕುಮಾರ. ಯಾವುದೋ ತರಬೇತಿಗೆ ಹೋಗಿ ಬಂದವರೇ, ಇಷ್ಟು ದಿನ ಗಿರಾಕಿಗಳ ಮೇಲೆ ಮಾಡಿದ ಡಿಸೈನ್ ಥಿಂಕಿಂಗನ್ನು, ಅಂದರೆ ಹಿಂದೆ ಕೂತು ನೋಡಿ, ಕೇಳಿ ಜನರ ತೊಂದರೆ ತಿಳಿಯುವುದನ್ನು, ಇನ್ನು ನಮ್ಮ ಮೇಲೇ ಮಾಡಿಕೊಳ್ಳೋಣ ಎಂದರು. ಜನ ಯಾಕೆ ಕೆಲಸ ಬಿಟ್ಟು ಹೋಗುತ್ತಾರೆ ಎಂಬುದು ಪ್ರಶ್ನೆ. ಕ್ಯಾಬಿನ್ನುಗಳು ಹೋದವು. ಯಾರಿಗೂ ಇಂಥದ್ದೇ ಜಾಗ ಅಂತ ಇಲ್ಲದಾಯಿತು. ಬಾಸನ್ನೂ ಸೇರಿಸಿ ಎಲ್ಲರನ್ನೂ ಹೆಸರು ಹಿಡಿದೇ ಕರೆಯಬೇಕಿತ್ತು. ಲೋಕಲ್ ರೈಲಿನಲ್ಲಿ ಕರವಸ್ತ್ರ ಹಾಕಿ ಸೀಟು ಹಿಡಿಯುವ ಊರಿನವರು ನಾವು. ಎರಡನೇ ದಿನದಿಂದಲೇ ಮೇಜುಗಳ ಮೇಲೆ ಟಿಫಿನ್ ಡಬ್ಬಿಗಳು ಕೂತವು. ಅಕೌಂಟ್ಸಿನ ಸಂಗಪ್ಪ ಸರ್ ಅವರ ಕ್ಯಾಬಿನ್ನಿಗೆ ಸುತ್ತ ಗಾಜು ಹಾಕಿ, ಅದನ್ನು ಮನಸ್ಸು ಬಿಚ್ಚಿ ಮಾತಾಡುವ ಕೋಣೆ ಮಾಡಿದರು. ಸಂಗಪ್ಪ ಸರ್ ಕಿಟಕಿಯ ಹತ್ತಿರ ಡಬ್ಬಿ ಇಟ್ಟು ಕೂರತೊಡಗಿದರು. ಅವರನ್ನು ಬರೀ ಹೆಸರಿನಿಂದ ಕರೆಯಲು ಯಾರಿಗೂ ಬಾಯಿ ಬರಲಿಲ್ಲ.

ಒಬ್ಬರು ಇನ್ನೊಬ್ಬರ ಸಂದರ್ಶನ ಮಾಡಬೇಕಿತ್ತು. ನನಗೆ ಬರುವುದಿಲ್ಲ ಎಂದಾಗ ಮನೀಶ್, ಮೊದಲು ನನ್ನ ಮೇಲೇ ಕಲಿತುಕೊಳ್ಳಿ ಎಂದ. ಗಾಜಿನ ಕೋಣೆಯಲ್ಲಿ ಎದುರುಬದುರು ಕೂತೆವು. ಪ್ರಶ್ನೆ ಕೇಳಬೇಕು. ಉತ್ತರ ಬಂದಮೇಲೂ ಸುಮ್ಮನಿರಬೇಕು. ಸಮಾಧಾನ ಹೇಳಬಾರದು, ಹುಬ್ಬು ಏರಿಸಬಾರದು. ಜನರಿಗೆ ಮೌನ ತಡೆಯಲು ಆಗುವುದಿಲ್ಲ, ಅದನ್ನು ತುಂಬಲಿಕ್ಕೆ ಅವರು ಹೇಳುವುದೇ ನಿಜ ಎಂದು ವಿವರಿಸಿದ. ಅವನ ಕನ್ನಡ ತುಸು ತಡವರಿಸುತ್ತಿತ್ತು. ಮನೆಯಲ್ಲಿ ತುಳು, ಹೊರಗೆ ಹಿಂದಿ. ಕನ್ನಡವನ್ನು ಅವನು ನೆಂಟರು ಬಂದಾಗ ತೆಗೆಯುವ ಒಳ್ಳೆಯ ಕಪ್ಪಿನಂತೆ ಜೋಪಾನವಾಗಿ ಬಳಸುತ್ತಿದ್ದ.

ಕೆಲಸ ಬಿಡಬೇಕು ಅಂತ ಯಾವತ್ತಾದರೂ ಅನಿಸಿತ್ತೇ ಎಂದು ಕೇಳಿದೆ.

ಅನಿಸಿತ್ತು ಎಂದ. ಅವನ ಅಪ್ಪ ಕೊರಗಪ್ಪನವರದು ಕಾಂದಿವಲಿಯಲ್ಲಿ ಸಣ್ಣ ಹೋಟೆಲು. ಅದನ್ನು ನೋಡಿಕೊಳ್ಳೋಣ ಅಂತ ಇದ್ದನಂತೆ.

ನಾನು ಸುಮ್ಮನಿದ್ದೆ. ಅವನು ಮೇಜಿನ ಅಂಚನ್ನು ಬೆರಳಿನಿಂದ ಉಜ್ಜಿದ.

“ಈಗ ಬಿಡ್ಲಿಕ್ಕೆ ಆಗ್ತಾ ಇಲ್ಲ. ಒಬ್ಬರಿಗಾಗಿ ಬರ್ತಾ ಇದ್ದೇನೆ. ಕೆಲಸಕ್ಕೆ ಅಲ್ಲ.”

ಹುಬ್ಬು ಏರಿಸಲಿಲ್ಲ. ಅವನನ್ನು ನೋಡಲೂ ಇಲ್ಲ. ಲ್ಯಾಪ್‌ಟಾಪಿನಲ್ಲಿ ಇಂಗ್ಲಿಷಿನಲ್ಲಿ ಟೈಪ್ ಮಾಡಿದೆ. ಹೆಸರು ಹಾಕುವಂತಿರಲಿಲ್ಲ, ಸಂದರ್ಶನಕ್ಕೊಂದು ನಂಬರ್ ಮಾತ್ರ. ಆರು ಎಂದು ಹಾಕಿ ಸೇವ್ ಮಾಡಿದೆ. ಸರಿ ಮಾಡಿದೆನಾ ಎಂದು ಕೇಳಿದೆ.

“ಪೂರಾ ಸರಿ,” ಎಂದ. “ಮುಖದಲ್ಲಿ ಎಂತದೂ ಕಾಣ್ಲಿಲ್ಲ.”

ಹೊಗಳಿದ ಎಂದು ಖುಷಿಪಟ್ಟೆ. ಕಲಿಸುವುದಕ್ಕಾಗಿ ಏನೋ ಒಂದು ಕಟ್ಟಿ ಹೇಳಿದ್ದಾನೆ, ಪಾಪ. ಕಟ್ಟಿದ್ದಲ್ಲವಾದರೆ ಆ ಒಬ್ಬರು ಯಕ್ಷಿತಾ ಇರಬೇಕು. ಅವನ ಟೀಮಿನವಳು, ಅವನ ಹೆಡ್‌ಫೋನನ್ನು ಕೇಳದೆಯೇ ತೆಗೆದುಕೊಳ್ಳುವವಳು. ಆವತ್ತು ಆಂಟಾಪ್ ಹಿಲ್‌ನ ಮನೆಗೆ ಬಂದಾಗ ಅವ್ವ ನನ್ನ ಮುಖ ನೋಡಿ ಜ್ವರವೇ ಎಂದು ಕೇಳಿದಳು. ಜ್ವರ ಇರಲಿಲ್ಲ. ಏನಿತ್ತೋ ನನಗೂ ತಿಳಿಯಲಿಲ್ಲ.

ಮುಂದಿನ ವಾರಗಳು ಹಾಗೇ ಅರ್ಥವಾಗದೆ ಹೋದವು. ಅವನು ನನ್ನ ಎದುರಿನ ಮೇಜಿನಲ್ಲಿ ಡಬ್ಬಿ ಇಡುತ್ತಿದ್ದ. ಪರದೆ ನಿಂತಾಗಲೆಲ್ಲ ನಾನು ಬೈಯುವುದನ್ನು ಕಾಯುತ್ತಿದ್ದ. ಬೈಯದಿದ್ದರೆ ತಾನೇ ನನ್ನ ಧಾಟಿಯಲ್ಲಿ ‘ಸತ್ತಿ ನೋಡು’ ಎನ್ನುತ್ತಿದ್ದ, ಅದೂ ತಪ್ಪು ಎಳೆತದಲ್ಲಿ. ನನ್ನ ಕಟಕ್ ರೊಟ್ಟಿಯನ್ನು ಮುರಿದು, ಇದನ್ನು ಹಪ್ಪಳ ಅಂತ ಮಾರಬಹುದು ಎಂದ. ನಿಮ್ಮ ನೀರುದೋಸೆಯನ್ನು ಕರವಸ್ತ್ರ ಅಂತ ಮಾರ್ರಿ ಎಂದೆ. ಸಂಜೆ ಬಾಂದ್ರಾ ಸ್ಟೇಷನ್ನಿನ ಬ್ರಿಜ್ಜಿನವರೆಗೆ ಜೊತೆಗೆ ಬರುತ್ತಿದ್ದ. ಅಲ್ಲಿಂದ ನನಗೆ ಹಾರ್ಬರ್ ಲೈನಿನ ರೈಲು, ಅವನಿಗೆ ಬೋರಿವಲಿಯ ಕಡೆಯದು. ಬ್ರಿಜ್ಜಿನ ಮೇಲೆ ನಿಂತು ಅವನು ಲೋಕಲ್‌ಗಳನ್ನು ಹೋಗಲು ಬಿಡುತ್ತಿದ್ದ. ಜನ ತುಂಬಾ ಉಂಟು, ಮುಂದಿನದ್ದು ಖಾಲಿ ಬರ್ತದೆ ಎನ್ನುತ್ತಿದ್ದ. ಆ ಹೊತ್ತಿನಲ್ಲಿ ಖಾಲಿ ಲೋಕಲ್ ಬರುವುದಿಲ್ಲವೆಂದು ಮುಂಬೈಯಲ್ಲಿ ಹುಟ್ಟಿದ ಮಗುವಿಗೂ ಗೊತ್ತು. ಇವನಿಗೆ ಯಾಕೆ ಗೊತ್ತಿಲ್ಲ ಎಂದು ನಾನು ನಿಜವಾಗಿಯೂ ಯೋಚಿಸುತ್ತಿದ್ದೆ.

ಈ ನಡುವೆ ಮುಂಬೈ ಪಕ್ಕದ ಠಾಣೆ ಊರಿನ ಒಂದು ಕಂಪನಿಯಿಂದ ನನಗೆ ಕೆಲಸದ ಕರೆ ಬಂತು. ಟೆಸ್ಟಿಂಗ್ ಟೀಮಿಗೆ ನಾನೇ ಲೀಡ್. ಶುಕ್ರವಾರದೊಳಗೆ ಉತ್ತರ ಕೊಡಬೇಕು. ಅಪ್ಪ ನೀಲಕಂಠಪ್ಪನವರಿಗೆ ಇದರಲ್ಲಿ ಯೋಚಿಸುವುದಕ್ಕೆ ಏನಿದೆ ಎಂದೇ ಅರ್ಥವಾಗಲಿಲ್ಲ. ನನಗೂ ಆಗಬಾರದಿತ್ತು.

ಆ ವಾರವೇ ನನ್ನ ಸಂದರ್ಶನ. ಅದೇ ಗಾಜಿನ ಕೋಣೆ, ಎದುರಿಗೆ ಮನೀಶ್, ಮೇಜಿನ ಮೇಲೆ ರೆಕಾರ್ಡರ್. ಇಲ್ಲಿಂದ ಹೋಗಬೇಕು ಅಂತ ಅನಿಸಿದೆಯೇ ಎಂದು ಕೇಳಿದ. ಠಾಣೆಯ ವಿಷಯ ಹೇಳಿದೆ. ಅವನು ಪೆನ್ನು ಕೆಳಗಿಟ್ಟು ಸುಮ್ಮನಾದ. ಮೌನ ಎಂಥ ಆಯುಧ ಎಂದು ಎದುರಿಗೆ ಕೂತವರಿಗೇ ಗೊತ್ತಾಗುವುದು.

“ಹೋಗಲಿಕ್ಕ ಮನಸ್ಸಿಲ್ಲ,” ಎಂದೆ. “ಒಬ್ಬರ ಸಲುವಾಗಿ ಬರ್ತೀನಿ ನಾನು. ಅವರು ಹಿಂದ ಕೂತ ದಿನದಿಂದ.”

ಹೇಳಿಬಿಟ್ಟಿದ್ದೆ. ಕಿವಿ ಸುಡುತ್ತಿತ್ತು. ಅವನ ಮುಖ ನೋಡಿದೆ. ಅದರಲ್ಲಿ ಎಂತದೂ ಕಾಣಲಿಲ್ಲ. ರೆಕಾರ್ಡರ್ ಆಫ್ ಮಾಡಿ, ಥ್ಯಾಂಕ್ಯೂ, ತುಂಬಾ ಉಪಯೋಗ ಆಯ್ತು ಎಂದು ಎದ್ದ. ಬಾಗಿಲು ತೆರೆಯುವಾಗ ಅವನ ಕೈ ಗಾಜಿಗೆ ತಗಲಿತು. ಆವತ್ತು ಬ್ರಿಜ್ಜಿನವರೆಗೆ ಬರಲಿಲ್ಲ. ಮರುದಿನ ಅವನ ಡಬ್ಬಿ ಬೇರೆ ಮೇಜಿನ ಮೇಲಿತ್ತು.

ಶುಕ್ರವಾರ ಬೆಳಿಗ್ಗೆ ಗೋಡೆ ತುಂಬ ಹಳದಿ ಚೀಟಿಗಳು. ಎಲ್ಲರ ಮಾತುಗಳನ್ನು ಯಕ್ಷಿತಾ ಪ್ರಿಂಟ್ ಮಾಡಿ ಅಂಟಿಸಿದ್ದಳು. ಅನಿಲಕುಮಾರ ಅವುಗಳಲ್ಲಿ ಒಂದನ್ನು ಕಿತ್ತು ಎತ್ತಿ ಹಿಡಿದರು. ಇಂಗ್ಲಿಷಿನಲ್ಲಿತ್ತು: ನಾನು ಕೆಲಸಕ್ಕಾಗಿ ಬರುವುದಿಲ್ಲ, ಒಬ್ಬರಿಗಾಗಿ ಬರುತ್ತೇನೆ.

ಇದೇ ನಮಗೆ ಬೇಕಾಗಿದ್ದ ಸತ್ಯ ಎಂದರು. ಜನರನ್ನು ಸಂಬಳ ಹಿಡಿದಿಡುವುದಿಲ್ಲ, ಜನರೇ ಹಿಡಿದಿಡುತ್ತಾರೆ. ಬರುವ ತಿಂಗಳಿನಿಂದ ಪ್ರತಿಯೊಬ್ಬರಿಗೂ ಒಬ್ಬ ಆಫೀಸ್ ಗೆಳೆಯನನ್ನು ಒಂದು ಆ್ಯಪ್ ಜೋಡಿಸಿ ಕೊಡುತ್ತದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಸಂಗಪ್ಪ ಸರ್ ನನ್ನ ಕಡೆ ಬಾಗಿ, “ನನಗ ಯಾರನ್ನ ಜೋಡಸ್ತಾರವಾ ತಂಗಿ? ನನ್ನ ಕ್ಯಾಬಿನ್ನ ಜೋಡಿಸಿ ಕೊಟ್ಟರ ಸಾಕಿತ್ತು,” ಎಂದರು.

ನನಗೆ ನಗಲು ಆಗಲಿಲ್ಲ. ಮನೀಶ್ ನನ್ನ ಎದೆಯೊಳಗಿನದನ್ನು ಹೊರಗೆ ತೆಗೆಸಿ, ಇಂಗ್ಲಿಷು ಮಾಡಿ, ಗೋಡೆಗೆ ಅಂಟಿಸಲು ಕೊಟ್ಟಿದ್ದ. ಮೆಟ್ಟಿಲಿಗೆ ಹೋಗಿ ಠಾಣೆಗೆ ಮೇಲ್ ಕಳಿಸಿದೆ: ಒಪ್ಪಿಕೊಂಡಿದ್ದೇನೆ. ಕಳಿಸಿದ ಮೇಲೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ.

ಸಂಜೆ ಬ್ರಿಜ್ಜಿನ ಮೇಲೆ ಅವನನ್ನು ಅಡ್ಡಗಟ್ಟಿದೆ. ಇಳಿದು ಬರುತ್ತಿದ್ದ ಜನ ನಮ್ಮನ್ನು ಕಂಬಕ್ಕೆ ಒತ್ತಿ ಹೋಗುತ್ತಿದ್ದರು.

“ನಾಚಿಕಿ ಬರಲಿಲ್ಲೇನ್ರಿ ನಿಮಗ? ನಾ ಹೇಳಿದ್ದನ್ನ ಗ್ವಾಡಿಗೆ ಹಚ್ಚೀರಲ್ಲ.”

ಅವನು ನನ್ನನ್ನು ಹುಚ್ಚಿಯೇನೋ ಎನ್ನುವಂತೆ ನೋಡಿದ. “ನಿಮ್ಮದೆಲ್ಲಿ ಉಂಟು ಗೋಡೆ ಮೇಲೆ? ನಿಮ್ಮ ಇಂಟರ್‌ವ್ಯೂ ನಾನು ಹಾಕಲೇ ಇಲ್ಲ. ರೆಕಾರ್ಡಿಂಗ್ ಅಳಿಸಿದ್ದೇನೆ.”

“ಮತ್ತ ಆ ಚೀಟಿ?”

“ಮೂಲೆಯಲ್ಲಿ ನಂಬರ್ ನೋಡ್ಲಿಲ್ವಾ? ಆರು. ಅದನ್ನು ಹಾಕಿದ್ದು ನೀವೇ.”

ಆರು. ನಾನೇ ಟೈಪ್ ಮಾಡಿದ್ದು, ನಾನೇ ಸೇವ್ ಮಾಡಿದ್ದು. ಊರಿನ ತಪ್ಪೆಲ್ಲ ಹುಡುಕುವವಳು ಇದೊಂದನ್ನು ಕಣ್ಣೆದುರಿಗೇ ಬಿಟ್ಟಿದ್ದೆ.

ಅದು ಕಲಿಸಲಿಕ್ಕೆ ಕಟ್ಟಿ ಹೇಳಿದ್ದಲ್ಲವೇ ಎಂದು ಕೇಳಿದೆ. ಕಟ್ಟಿ ಹೇಳುವವನು ಮೇಜಿನ ಅಂಚನ್ನು ಅಷ್ಟು ಉಜ್ಜುತ್ತಾನಾ ಎಂದು ತಿರುಗಿ ಕೇಳಿದ. ಯಕ್ಷಿತಾ ಎಂದೆ. ಅವಳಿಗೆ ಹೋದ ವರ್ಷವೇ ನಿಶ್ಚಿತಾರ್ಥ ಆಗಿದೆ, ನೀವು ಆಫೀಸಿನಲ್ಲಿ ಪರದೆ ಬಿಟ್ಟು ಬೇರೆ ಏನನ್ನಾದರೂ ನೋಡುತ್ತೀರಾ ಎಂದ.

“ಹಂಗಾರ ನಾ ಹೇಳಿದಾಗ ಯಾಕ ಸುಮ್ಮನ ಇದ್ರಿ?”

“ನನ್ನ ಮಾತನ್ನೇ ನನಗೆ ತಿರುಗಿಸಿ ತಮಾಷೆ ಮಾಡ್ತಾ ಇದ್ದೀರಿ ಅಂತ ಅನಿಸಿತು. ನಾನು ಹೇಳಿದಾಗ ನೀವು ಟೈಪ್ ಮಾಡಿದ್ರಲ್ಲ. ತಲೆ ಕೂಡ ಎತ್ತಲಿಲ್ಲ.”

“ಎತ್ತಬಾರದಂತ ನೀವ ಹೇಳಿದ್ದು.”

ಕೆಳಗೆ ಬೋರಿವಲಿಯ ಸ್ಲೋ ಲೋಕಲ್ ಬಂದು, ಬಾಗಿಲುಗಳಲ್ಲಿ ಜನ ಜೋತುಕೊಂಡು ಹೊರಟುಹೋಯಿತು. ಅವನು ಅದರ ಕಡೆ ನೋಡಲೂ ಇಲ್ಲ. ಇಷ್ಟು ವಾರ ಅವನು ಯಾಕೆ ಖಾಲಿ ಗಾಡಿ ಕಾಯುತ್ತಿದ್ದ ಎಂದು ನನಗೆ ಆಗ ಹೊಳೆಯಿತು. ಹೊಳೆದದ್ದು ತಡವಾಗಿತ್ತು.

“ನಾ ಠಾಣೆಗೆ ಹೂಂ ಅಂದೇನಿ,” ಎಂದೆ. “ಇವತ್ತ. ಸಿಟ್ಟಿನ್ಯಾಗ.”

ಅವನ ಮುಖದಲ್ಲಿ ಈ ಸಲ ಎಲ್ಲವೂ ಕಾಣಿಸಿತು. ಹಿಂದಕ್ಕೆ ತೆಗೆದುಕೊಳ್ಳಲು ಆಗುವುದಿಲ್ಲವೇ ಎಂದು ಮೆಲ್ಲಗೆ ಕೇಳಿದ. ಆಗುತ್ತಿತ್ತು. ಒಂದು ಮೇಲ್, ಅಷ್ಟೇ. ಕಂಬಕ್ಕೆ ಒರಗಿ ಯೋಚಿಸಿದೆ. ಸಿಟ್ಟು ಇಳಿದಿತ್ತು. ಆ ಕೆಲಸ ಮಾತ್ರ ಈಗಲೂ ಒಳ್ಳೆಯದಾಗಿಯೇ ಕಾಣುತ್ತಿತ್ತು.

“ಇಲ್ಲ, ಹೋಗ್ತೀನಿ,” ಎಂದೆ. “ಲೀಡ್ ಮಾಡತಾರ ನನ್ನ. ನಿಮ್ಮ ಸಲುವಾಗಿ ಇಲ್ಲೇ ಉಳದ್ರ ಅನಿಲ್ ಸರ್ ಸ್ಕೀಮ್ ಪಾಸಾಗತೈತಿ. ನಾ ಅವರ ಗ್ವಾಡಿ ಮ್ಯಾಲಿನ ಚೀಟಿ ಆಗಂಗಿಲ್ಲ.”

ಅವನು ತಲೆ ಆಡಿಸಿದ. ಒಪ್ಪಿದ್ದೋ ಸೋತದ್ದೋ ಗೊತ್ತಾಗಲಿಲ್ಲ. ಬ್ಯಾಗಿನ ಪಟ್ಟಿಯನ್ನು ಬೆರಳಿನಿಂದ ಉಜ್ಜುತ್ತಾ ಹೇಳಿದ: “ನಾಳೆ ಅಪ್ಪನ ಹೋಟೆಲಿಗೆ ಬರ್ತೀಯಾ? ಟೆಸ್ಟಿಂಗಿಗೆ ಅಲ್ಲ. ದೋಸೆ ತಿನ್ಲಿಕ್ಕೆ.”

ನೀವು ಹೋಗಿ ನೀನು ಬಂದಿತ್ತು. ಉತ್ತರ ನನ್ನ ಬಾಯಲ್ಲೇ ಇತ್ತು. ಆದರೂ ನಾನು ಹುಬ್ಬು ಏರಿಸಲಿಲ್ಲ. ಮುಖದಲ್ಲಿ ಏನನ್ನೂ ತೋರಿಸದೆ ಅವನನ್ನೇ ನೋಡುತ್ತಾ ಸುಮ್ಮನೆ ನಿಂತೆ. ಜನರಿಗೆ ಮೌನ ತಡೆಯಲು ಆಗುವುದಿಲ್ಲವೆಂದು ಕಲಿಸಿದವನು ಅವನೇ.

“ಎಂತ ನೋಡ್ತೀ? ಏನಾದ್ರೂ ಹೇಳು ಮಾರಾಯ್ತಿ,” ಎಂದ.

ನಾನು ಹೇಳಲಿಲ್ಲ. ನನ್ನ ಹಾರ್ಬರ್ ಲೋಕಲ್ ಬಂದದ್ದು ಕೇಳಿಸಿತು. ಮುಂದಿನದ್ದು ಖಾಲಿ ಬರಬಹುದು. ಅವನು ಒಮ್ಮೆ ಕೆಳಗೆ ನೋಡಿದ, ಒಮ್ಮೆ ನನ್ನನ್ನು ನೋಡಿದ. ಆಮೇಲೆ, ಮೊದಲನೇ ದಿನ ಖುರ್ಚಿಯ ಹಿಂದೆ ಕೂತಾಗಿನಿಂದ ಹೇಳದೆ ಉಳಿದದ್ದನ್ನೆಲ್ಲ ಕನ್ನಡ, ತುಳು, ಹಿಂದಿ ಸೇರಿಸಿ ಹೇಳತೊಡಗಿದ.