ಖಾಲಿ ಕಂಪ್ಯೂಟರಿನ ಮುಂದೆ ದೊರೆ

"ನನ್ನ ಕಂಪ್ಯೂಟರಲ್ಲಿ ಚೆನ್ನಾಗೇ ಓಡುತ್ತೆ ಕಣ್ರೀ!"

"ಹಾಗಾದ್ರೆ ನಿಮ್ಮ ಕಂಪ್ಯೂಟರನ್ನೇ ಹೊತ್ಕೊಂಡು ಹೋಗಿ ಆಸ್ಪತ್ರೇಲಿ ಇಟ್ಟು ಬನ್ನಿ!"

ನೋಡಿ, ಇವರ ಪ್ರೇಮ ಶುರುವಾದದ್ದು ಹೀಗೆ. ಹೂವಿಲ್ಲ, ಹಾಡಿಲ್ಲ, ಬರೀ ಉರಿ!

ಅವನು ಪ್ರೋಗ್ರಾಂ ಬರೆಯುವವನು. ಆಫೀಸಿನವರು 'ದೊರೆ' ಎಂದು ಆಡಿಕೊಂಡರೆ ಅದನ್ನು ಹೊಗಳಿಕೆ ಎಂದುಕೊಂಡ ಪೆದ್ದ.

ಅವನು ಬರೆದದ್ದನ್ನು ಗಿರಾಕಿಗೆ, ಈ ಸಲ ಒಂದು ಆಸ್ಪತ್ರೆಗೆ, ಕಟ್ಟಿಕೊಡುವುದು ಅವಳ ಕೆಲಸ. ಯಾವ ಪ್ರೋಗ್ರಾಮೂ ಒಂಟಿಯಾಗಿ ನಿಲ್ಲುವುದಿಲ್ಲ. ಬೇರೆಯವರು ಬರೆದಿಟ್ಟ ತುಣುಕುಗಳ, ಅಂದರೆ ಲೈಬ್ರರಿಗಳ, ಹೆಗಲ ಮೇಲೆ ಕೂತಿರುತ್ತದೆ. ಅವನ್ನೆಲ್ಲ ಹುಡುಕಿ ಒಂದೇ ಪ್ಯಾಕೇಜಿಗೆ ಸೇರಿಸಿ, ಏನೂ ಇಲ್ಲದ ಖಾಲಿ ಕಂಪ್ಯೂಟರಿನಲ್ಲಿ ಓಡಿಸಿ ನೋಡಿದ ಮೇಲೇ ಅವಳು ಬಿಡುತ್ತಿದ್ದಳು.

"ಗಂಟು ಕಟ್ಟೋಕೆ ಇಷ್ಟು ದಿಮಾಕಾ?" ಎಂದ ದೊರೆ.

"ಬಿಚ್ಚಿದಾಗ ಮಾನ ಹೋಗೋದು ನಿಮ್ದೇ ಸಾರ್!"

ಆದರೂ ದಿನಾ ಅವಳ ಮೇಜಿನ ಸುತ್ತ ಸುಳಿಯುತ್ತಿದ್ದ. ಅವಳಿಗೂ... ಅವನು ಬಾರದ ದಿನ ಎಲ್ಲವೂ ಸಪ್ಪೆ! 'ಥೂ, ಹೋಗಿ ಹೋಗಿ ಈ ಜಂಭದ ಕೋಳಿ ಮೇಲಾ ನನ್ನ ಮನಸ್ಸು?'

ಅಷ್ಟರಲ್ಲಿ ಬಂತು ಗಂಡಾಂತರ. ಆಸ್ಪತ್ರೆಯಲ್ಲಿ ಪ್ರೋಗ್ರಾಂ ತೆರೆಯಲೇ ಇಲ್ಲ. ರೋಗಿಗಳ ಸಾಲು ಬಾಗಿಲು ದಾಟಿತು. ಲೈಬ್ರರಿ ಎಂದರೆ ಪುಸ್ತಕದ ಬೀರು ಎಂದುಕೊಂಡಿದ್ದ ಮ್ಯಾನೇಜರ್ ಮಹಾನುಭಾವ ಕಿರುಚಾಡಿದ.

"ಯಾವುದೋ ಲೈಬ್ರರಿ ಬಿಟ್ಟುಹೋಗಿದೆ ಸಾರ್. ಕಟ್ಟಿದ್ದು ಅವರು," ಎಂದುಬಿಟ್ಟ ದೊರೆ.

"ನಾಳೆಯಿಂದ ನೀವು ಬರ್ಬೇಡಿ!" ಎಂದ ಮ್ಯಾನೇಜರ್ ಅವಳಿಗೆ.

ಅವಳ ಕಣ್ಣು ತುಂಬಿತು. 'ಓಡಿಸಿ ನೋಡಿಯೇ ಕಳಿಸಿದ್ದೆನಲ್ಲ... ಇವನಾದರೂ ಒಂದು ಮಾತು ಕೇಳಬಾರದಿತ್ತೇ?'

ಈಗ ಖಾಲಿ ಕಂಪ್ಯೂಟರಿನ ಮುಂದೆ ಕೂರುವ ಸರದಿ ದೊರೆಯದು. ಕೂತ. ಬೆವೆತ. ಆಸ್ಪತ್ರೆಗೆ ಹೋದದ್ದು ತೆರೆಯಲಿಲ್ಲ; ಅವಳು ಮೊದಲು ಕಟ್ಟಿಟ್ಟಿದ್ದ ಪ್ಯಾಕೇಜು ಸಲೀಸಾಗಿ ತೆರೆಯಿತು!

ಕಳಿಸುವ ದಿನ ಬೆಳಿಗ್ಗೆ ಪರದೆಗೆ ಬಣ್ಣ ಬಳಿಯುವ ಹುಚ್ಚಿನಲ್ಲಿ, ಅವಳಿಗೆ ಹೇಳದೆ ಪ್ಯಾಕೇಜಿನ ಒಳಗಿನ ಫೈಲು ಬದಲಿಸಿದ್ದವನು ತಾನೇ. ಆ ಬಣ್ಣಕ್ಕೆ ಬೇಕಾದ ಲೈಬ್ರರಿ ಇದ್ದದ್ದು ಅವನ ಕಂಪ್ಯೂಟರಿನಲ್ಲಿ ಮಾತ್ರ. ಸದಾ ಕೈಗೆ ಸಿಗುತ್ತಿದ್ದುದರಿಂದ ಅದು ಇದೆ ಎಂಬುದನ್ನೇ ಮರೆತಿದ್ದ, ಮಂಗ!

ಅವಳ ಖಾಲಿ ಕುರ್ಚಿ ನೋಡಿದ. ಎದ್ದು ನೇರ ಮ್ಯಾನೇಜರ್ ಬಳಿಗೆ ನಡೆದ.

ಸಂಜೆ ಅವಳ ಮನೆಯ ಬಾಗಿಲು ತೆರೆದದ್ದು ಅತ್ತಿಗೆ.

"ಬಾರೇ ಇಲ್ಲಿ! ನೀನು ದಿನಾ ಬೈಯ್ಯೋ ಪ್ರಾಣಿ ಬಂದಿದೆ!"

ಅವಳು ಹೊಸಿಲಲ್ಲೇ ನಿಂತಳು. "ಏನು?"

"ತಪ್ಪು ನಂದು. ಎಲ್ಲರ ಮುಂದೆ ಹೇಳಿ ಬಂದೆ. ಮ್ಯಾನೇಜರ್ ನಿಮ್ಮನ್ನ ವಾಪಸ್ ಕರೀತಿದಾರೆ."

"ಪ್ರೋಗ್ರಾಮಿಗೆ ಏನೇನು ಬೇಕು ಅಂತ ಈಗಲಾದ್ರೂ ಗೊತ್ತಾಯ್ತಾ?"

"ಆಯ್ತು. ಎಲ್ಲಾ ಸೇರಿಸಿದೀನಿ."

"ನಿಮಗೆ ಏನು ಬೇಕು?"

ಊರಿಗೆಲ್ಲ ಉಪದೇಶ ಮಾಡುವ ದೊರೆ ತನ್ನ ಬೂಟು ನೋಡುತ್ತ ಹೇಳಿದ.

"ನೀವು... ನೀವಿಲ್ದೆ ನಾನು ಓಡಲ್ಲ ಕಣ್ರೀ."

"ಇದನ್ನೂ ಖಾಲಿ ಕಂಪ್ಯೂಟರಲ್ಲೇ ಕಲೀಬೇಕಾಯ್ತಾ, ದಡ್ಡ!" ನಗು ತಡೆಯಲು ಹೋಗಿ ಅತ್ತುಬಿಟ್ಟಳು. "ಬೂಟು ಬಿಚ್ಚಿ ಒಳಗೆ ಬನ್ನಿ."