ಕಣ್ಣಿಲ್ಲದ ಹಕ್ಕಿಗಳು

2007ರ ಸೆಪ್ಟೆಂಬರ್ 11, ಮಂಗಳವಾರ. ಬೆಳಿಗ್ಗೆ ಹತ್ತೂವರೆಗೆ ಸೀತಮ್ಮ ಎಂಬ ವಿಧವೆ ಕೊಯಮತ್ತೂರಿನ ಸಿಂಗಾನಲ್ಲೂರು ಪೊಲೀಸ್ ಠಾಣೆಗೆ ಬಂದರು. ಇನ್ಸ್‌ಪೆಕ್ಟರ್ ದೇವರಾಜನ್ ತಮಿಳಿನಲ್ಲಿ ವಿಚಾರಿಸಿದರು. ಗಾಬರಿಯಲ್ಲಿ ಆಕೆಯ ಬಾಯಿಗೆ ಬಂದದ್ದು ಕನ್ನಡವೇ. ಹೆಡ್ ಕಾನ್‌ಸ್ಟೆಬಲ್ ವಿಜಯಕುಮಾರಿಯ ಮನೆಮಾತೂ ಕನ್ನಡ. ಅವಳು ಪಕ್ಕದಲ್ಲಿ ಕೂತು ಕೇಳಿದಳು.

"ಏನು ಕಳುವಾಯ್ತಮ್ಮಾ?"

"ಕಣ್ಣು. ನಿನ್ನೆ ಮದ್ಯಾನ ಮಲಗೆದ್ದು ನೋಡ್ತೀನಿ, ಮೂರು ಹಕ್ಕಿಗೂ ಕಣ್ಣಿಲ್ಲ. ಬಯ ಆಗ್ತದೆ ಕಣಮ್ಮಾ. ನಾಳೆ ನನ್ನ ಕಣ್ಣಿಗೇ ಬಂದ್ರೆ?"

ಆಕೆಯ ಗಂಡ ಸುಬ್ಬಯ್ಯನ್ ಪಟಗಳಿಗೆ ಚೌಕಟ್ಟು ಹಾಕುವ ಅಂಗಡಿ ಇಟ್ಟಿದ್ದರು. ಅವರು ಬಿಟ್ಟುಹೋದದ್ದು ಬ್ರಿಟಿಷರ ಕಾಲದ ನಾಲ್ಕು ಹಕ್ಕಿ ಚಿತ್ರಗಳು. ಗೆರೆ ಅಚ್ಚಿನದು, ಬಣ್ಣ ಕೈಯಿಂದ ತುಂಬಿದ್ದು.

ಎಫ್‌ಐಆರ್ ದಾಖಲಾಯಿತು. ಪಂಚನಾಮೆಯ ವೇಳೆ ಬಾಗಿಲ ಬೀಗ ಸರಿಯಾಗಿಯೇ ಇತ್ತು. ಚಿತ್ರಗಳ ಕಣ್ಣನ್ನು ಬ್ಲೇಡಿನಿಂದ ಕತ್ತರಿಸಿ, ಗಾಜನ್ನು ಮತ್ತೆ ಕೂರಿಸಿ, ಹಿಂದಿನ ಕಾಗದವನ್ನೂ ಅಂಟಿಸಿದ್ದರು. ಕೆಲಸ ಬಲ್ಲವನ ಕೈ.

ನಾಲ್ಕನೆಯ ಚಿತ್ರ, ಒಂದು ಮಿಂಚುಳ್ಳಿ, ಒಳಕೋಣೆಯಲ್ಲಿ ಸೀತಮ್ಮನ ಮಂಚದ ಮೇಲೆಯೇ ತೂಗುತ್ತಿತ್ತು. ಅದಕ್ಕೆ ಕಣ್ಣಿತ್ತು.

ಶುಕ್ರವಾರ ಈ ಚಿತ್ರಗಳನ್ನು ಪರೀಕ್ಷಿಸಿ ಖರೀದಿಸಲು ಸೀತಮ್ಮನ ಮನೆಗೆ ಬರಬೇಕಿದ್ದವಳು ಮೈಸೂರಿನಿಂದ ಬಂದು ಕೊಯಮತ್ತೂರಿನಲ್ಲಿ ನೆಲೆಸಿದ್ದ ಹಳೆಯ ಚಿತ್ರಗಳ ತಜ್ಞೆ ಭೂಮಿ. ಬುಧವಾರ ಠಾಣೆಗೆ ಬಂದು ಕತ್ತರಿಸಿದ ಚಿತ್ರಗಳನ್ನು ನೋಡಿದಳು.

"ಗೆರೆ ಹಳೆಯದೇ. ಬಣ್ಣ ಈಚಿನದು ಅಂತ ನನಗೆ ಅನುಮಾನ. ಆ ಕಾಲದಲ್ಲಿ ಇಲ್ಲದ ಬಿಳಿ ಬಣ್ಣ ಸಿಕ್ಕರೆ ಸಾಬೀತಾಗುತ್ತೆ. ಇವುಗಳಲ್ಲಿ ಬಿಳಿ ಚುಕ್ಕೆ ಇಡೋದು ಕಣ್ಣಲ್ಲಿ ಮಾತ್ರ. ಅದನ್ನೇ ಕತ್ತರಿಸಿದ್ದಾರೆ."

ದೇವರಾಜನ್ ಅಲ್ಲೇ ಕೂತಿದ್ದ ಸೀತಮ್ಮನ ಕಡೆ ತಿರುಗಿದರು. "ಇವರು ಬರೋ ವಿಷಯ ಯಾರಿಗೆ ಹೇಳಿದ್ರಿ?"

"ಅಂಗಪ್ಪನ್ ಅಣ್ಣನಿಗೆ. ಅಂಗಡೀಲಿ ನಮ್ಮ ಯಜಮಾನ್ರ ಜೊತೆ ಕೆಲಸಕ್ಕಿದ್ದವರು. ನನ್ನ ಮಾತ್ರೆ ತಂದುಕೊಡೋದೂ ಅವರೇ."

"ಎಂಥ ಮಾತ್ರೆ?"

"ಮದ್ಯಾನ ನುಂಗಿದ್ರೆ ಎಚ್ಚರಾನೇ ಇರಲ್ಲ ಸಾರ್."

ಉಳಿದ ಮಿಂಚುಳ್ಳಿಯ ಕಣ್ಣಿಗೆ ಅವನು ಶುಕ್ರವಾರದೊಳಗೆ ಬಂದೇ ಬರುತ್ತಾನೆಂದು, ಗುರುವಾರ ಮಧ್ಯಾಹ್ನ ಸೀತಮ್ಮನನ್ನು ನೆರೆಮನೆಗೆ ಕಳಿಸಿ, ವಿಜಯಕುಮಾರಿ ಆಕೆಯ ಮಂಚದಲ್ಲಿ ಮುಸುಕು ಹಾಕಿ ಮಲಗಿದಳು. ದೇವರಾಜನ್ ಅಡುಗೆಮನೆಯ ಬಾಗಿಲ ಹಿಂದಿದ್ದರು.

ಮುಂಬಾಗಿಲಲ್ಲಿ ಕೀಲಿ ತಿರುಗಿತು. ಬರಿಗಾಲ ಹೆಜ್ಜೆ ಒಳಕೋಣೆಯವರೆಗೆ ಬಂದು ನಿಂತಿತು. ಬೆವರು ವಿಜಯಕುಮಾರಿಯ ಕಣ್ಣಿಗಿಳಿಯುತ್ತಿದ್ದರೂ ಅವಳು ಅಲುಗಲಿಲ್ಲ. ಯಾರೋ ಅವಳ ಮೇಲೆ ಬಾಗಿದರು. ಅಂಗಿಯ ತುದಿ ಕಿವಿಗೆ ತಾಗಿತು. ತಲೆಯ ಮೇಲೆ ಚೌಕಟ್ಟು ಗೋಡೆಗೆ ಉಜ್ಜಿದ ಸದ್ದು. ಮುಸುಕಿನ ಸಂದಿಯಲ್ಲಿ ಬ್ಲೇಡ್ ಕಂಡಿತು. ಸಾರ್ ಬರುವುದು ತಡವಾದರೆ? ತಡೆಯಲಾರದೆ ಅವಳು ಕಿರುಚಿ ಆ ಮಣಿಕಟ್ಟನ್ನು ಹಿಡಿದಳು.

ಸಿಕ್ಕಿಬಿದ್ದವನು ಅಂಗಪ್ಪನ್. ದೇವರಾಜನ್ ಓಡಿಬಂದು ಬ್ಲೇಡ್ ಕಿತ್ತುಕೊಂಡರು.

"ಕೀಲಿ?"

"ಸುಬ್ಬಯ್ಯಣ್ಣ ಇದ್ದಾಗಲೇ ಕೊಟ್ಟಿದ್ರು ಸಾರ್," ಎಂದ ಅಂಗಪ್ಪನ್.

"ಬಣ್ಣ ತುಂಬಿದ್ದು?"

"ನಾನೇ. ಬರೀ ಗೆರೆ ಇರೋ ಹಾಳೆ ಅವರು ತರ್ತಿದ್ರು. ಹಳೇದು ಅಂತ ಮಾರ್ತಿದ್ರು. ಸಿಕ್ಕಿಬಿದ್ರೆ ಜೈಲಿಗೆ ಹೋಗೋದು ಬಣ್ಣ ಹಾಕಿದ ಕೈ ಅಂತ ಹೆದರಿಸೋರು. ಅವರು ಹೋದ್ರು ಸಾರ್, ಬಯ ಹೋಗಲಿಲ್ಲ."

"ಚಿತ್ರಾನೇ ಸುಟ್ಟುಬಿಡಬಹುದಿತ್ತಲ್ಲ ಅಣ್ಣಾ?" ವಿಜಯಕುಮಾರಿ ಕೇಳಿದಳು.

ಅಂಗಪ್ಪನ್ ಮಿಂಚುಳ್ಳಿಯನ್ನು ನೋಡಿದ. "ಆ ನೀಲಿ ಬರೋಕೆ ಎಷ್ಟು ಸಲ ಬಣ್ಣ ಕಲಸಿದೀನಿ ಗೊತ್ತಾ? ಬೆಂಕಿ ಇಡೋಕೆ ಮನಸ್ಸು ಬರಲಿಲ್ಲಮ್ಮಾ."

ಬಂಧನದ ಪತ್ರಕ್ಕೆ ಅವನ ಸಹಿ ಹಾಕಿಸಿ ಜೀಪು ಹತ್ತಿಸುವಾಗ ಸೀತಮ್ಮ ನೆರೆಮನೆಯಿಂದ ಬಂದು ದೂರದಲ್ಲೇ ನಿಂತರು.

"ಕೇಳಿದ್ರೆ ಆ ಚಿತ್ರಗಳನ್ನ ನಾನೇ ಕೊಡ್ತಿದ್ದೆನಲ್ಲ ಅಣ್ಣಾ. ಎಂಥ ಬಯ ಹುಟ್ಟಿಸಿಬಿಟ್ರಿ."

ಅಂಗಪ್ಪನ್ ತಲೆಯೆತ್ತಲಿಲ್ಲ. "ಕೇಳೋಕೂ ಬಯಾನೇ ಆಯ್ತಮ್ಮಾ," ಎಂದ.